ಗೋಣಿಚೀಲದಿಂದ ಶುರು ಮಾಡಿ: ಕೆಲಸಗಾರರ ಸೃಜನಶೀಲತೆ ಅಳೆಯಲು, ಬೆಳೆಸಲು ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರಿನ ಒಂದು ಮಧ್ಯಾಹ್ನ. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗಲು ಹರಡಿತ್ತು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತದ ಮೋಡ ನಮ್ಮ ಕೊಡಗಿನ ಸುಂಟಿಕೊಪ್ಪದ ಕಡೆಗೂ ಬಂತು. ನಾಲ್ವರು ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು, ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತಿದ್ದಂತೆ ಓಡಿದರು. ಹೊದಿಸಿ ಮುಗಿಯುವಷ್ಟರಲ್ಲಿ ಅರ್ಧ ಕಾಫಿ ನೆನೆದಾಗಿತ್ತು. ಮಳೆ ನಿಂತ ಮೇಲೆ ಒದ್ದೆಯಾದದ್ದನ್ನು ಬೇರೆ ಗೋರುತ್ತಾ ಕಣ ನೋಡಿಕೊಳ್ಳುವ ಅಕ್ಕ ಮೆಲ್ಲಗೆ ಹೇಳಿದರು: "ಅಮ್ಮಾ, ಹೋದ ವರ್ಷವೇ ಹೇಳಿದ್ದೆ ನಿಮಗೆ. ಟಾರ್ಪಾಲಿನ ಒಂದು ಅಂಚನ್ನು ಕಣದ ಬದಿಗೆ ಕಟ್ಟಿ, ಇನ್ನೊಂದು ಅಂಚಿಗೆ ಬಿದಿರಿನ ಗಳ ಕಟ್ಟಿ ಸುತ್ತಿಟ್ಟರೆ ಇಬ್ಬರೇ ಉರುಳಿಸಿಕೊಂಡು ಹೋಗಬಹುದು ಅಂತ."

ಹೇಳಿದ್ದರು. ನಾನು "ಆಮೇಲೆ ನೋಡುವ" ಅಂದಿದ್ದೆ.

ಮರುದಿನವೇ ಗಳ ಕಟ್ಟಿಸಿದೆವು. ಆ ಕಣದಲ್ಲಿ ಈಗ ಟಾರ್ಪಾಲು ಎಳೆಯಲು ಇಬ್ಬರು ಸಾಕು. ಆದರೆ ನನ್ನನ್ನು ಕಾಡಿದ್ದು ನೆನೆದ ಕಾಫಿಯಲ್ಲ, ಆ ಒಂದು ವರ್ಷ. ಆ ಮಾತು ಅವರ ಬಾಯಿಯಿಂದ ನನ್ನ ಕಿವಿಗೆ ಬಂದು, ಅಲ್ಲೇ ಸತ್ತು ಹೋಗಿತ್ತು. ಹೀಗೆ ಸತ್ತ ಮಾತುಗಳು ಇನ್ನೆಷ್ಟೋ!

ಅಂದಿನಿಂದ ತೋಟ, ನಾಲ್ಕು ಕೋಣೆಯ ಹೋಂಸ್ಟೇ, ಪಕ್ಕದ ಸಣ್ಣ ಕಾಫಿ ಹುರಿಯುವ ಘಟಕ, ಈ ಮೂರರಲ್ಲೂ ಕೆಲಸಗಾರರ ಸೃಜನಶೀಲತೆಯನ್ನು ಅಳೆಯಲು ಒಂದು ಕ್ರಮ ಕಟ್ಟಿಕೊಂಡೆ. ಐದರಿಂದ ಮೂವತ್ತು ಜನ ಕೆಲಸಕ್ಕಿರುವ ಯಾವ ಜಾಗಕ್ಕೂ ಅದು ಹೊಂದುತ್ತದೆ. ನಾನು ಕಂಡುಕೊಂಡದ್ದು ಇಷ್ಟು: ಕೆಲಸಗಾರರ ತಲೆಯಲ್ಲಿ ಏನಿದೆ ಎಂದು ಅಳೆಯುವುದು ಅರ್ಧ ಕೆಲಸ. ಆ ತಲೆಯಿಂದ ಹೊರಟ ಮಾತು ನಮ್ಮಲ್ಲಿ ಎಲ್ಲಿಯವರೆಗೆ ಬದುಕುತ್ತದೆ ಎಂದು ಅಳೆಯುವುದು ಇನ್ನರ್ಧ. ಹೆಚ್ಚಿನ ಯಜಮಾನರು ಆ ಎರಡನೆಯದನ್ನು ಅಳೆಯುವುದೇ ಇಲ್ಲ.

ಅಳೆಯುವುದು ಏನನ್ನು?

ಹೊಸದಾಗಿರಬೇಕು, ಉಪಯೋಗಕ್ಕೂ ಬರಬೇಕು. ಸೃಜನಶೀಲತೆಗೆ ಸಂಶೋಧಕರು ಒಪ್ಪಿಕೊಂಡಿರುವ ವ್ಯಾಖ್ಯೆ ಹೆಚ್ಚುಕಡಿಮೆ ಇದೇ. ಟಾರ್ಪಾಲಿಗೆ ಕಟ್ಟಿದ ಗಳ ಎರಡೂ ಹೌದು. ಚಿತ್ರ ಬರೆಯುವುದು, ಹಾಡು ಕಟ್ಟುವುದು ಮಾತ್ರ ಸೃಜನಶೀಲತೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ಮೊದಲು ಬಿಡಬೇಕು.

ಇದನ್ನು ಅಳೆಯುವ ಪ್ರಯತ್ನಕ್ಕೆ ದೊಡ್ಡ ತಿರುವು ಸಿಕ್ಕಿದ್ದು 1950ರಲ್ಲಿ. ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿ ಜೆ. ಪಿ. ಗಿಲ್ಫರ್ಡ್ ಮಾಡಿದ ಭಾಷಣದಲ್ಲಿ, ಈ ವಿಷಯವನ್ನು ತಮ್ಮ ಶಾಸ್ತ್ರ ಕಡೆಗಣಿಸಿದೆ ಎಂದು ಎತ್ತಿ ಹೇಳಿದರು. ಒಂದೇ ಸರಿ ಉತ್ತರದ ಕಡೆ ಹೋಗುವ ಯೋಚನೆ ಬೇರೆ, ಒಂದು ಪ್ರಶ್ನೆಯಿಂದ ಹತ್ತು ದಿಕ್ಕಿಗೆ ಕವಲೊಡೆಯುವ ಯೋಚನೆ ಬೇರೆ ಎಂದು ಗುರುತಿಸಿದವರೂ ಅವರೇ. ಈ ಕವಲೊಡೆಯುವ ಯೋಚನೆಯನ್ನು ನಾಲ್ಕು ಬಗೆಯಲ್ಲಿ ಅಳೆಯುತ್ತಾರೆ. ಎಷ್ಟು ಉತ್ತರ ಬಂತು ಎಂಬುದು ಸರಾಗತೆ. ಎಷ್ಟು ಬೇರೆ ಬೇರೆ ಜಾತಿಯ ಉತ್ತರ ಎಂಬುದು ವೈವಿಧ್ಯ. ಬೇರೆ ಯಾರಿಗೂ ಹೊಳೆಯದ್ದು ಎಷ್ಟು ಎಂಬುದು ಅಪೂರ್ವತೆ. ಉತ್ತರವನ್ನು ಎಷ್ಟು ಬಿಡಿಸಿ ಹೇಳಿದರು ಎಂಬುದು ವಿವರ. 1966ರಲ್ಲಿ ಇ. ಪಾಲ್ ಟಾರೆನ್ಸ್ ರೂಪಿಸಿದ ಪರೀಕ್ಷೆಗಳು ಇದೇ ದಾರಿಯವು. ಅವುಗಳಿಗೆ ಅಂಕ ಕೊಡಲು ತರಬೇತಿ ಬೇಕು. ನಮ್ಮಂಥ ಸಣ್ಣ ಜಾಗಕ್ಕೆ ಅಷ್ಟು ಬೇಡ, ಒಂದು ಗೋಣಿಚೀಲ ಸಾಕು.

ಶುರು ಮಾಡುವ ಮೊದಲು ಎರಡು ಮಾತನ್ನು ಕೆಲಸಗಾರರ ಎದುರಿಗೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಈ ಅಂಕಕ್ಕೂ ಸಂಬಳ, ಬೋನಸ್‌ಗೂ ಸಂಬಂಧವಿಲ್ಲ. ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿ ಗೋಡೆಗೆ ಬರುವುದಿಲ್ಲ. ಇವೆರಡರಲ್ಲಿ ಒಂದನ್ನು ಮುರಿದರೂ ಮುಂದಿನ ಸಲ ಜನ ನಿಮಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ, ತಮಗೆ ಹೊಳೆದದ್ದನ್ನು ಕೊಡುವುದಿಲ್ಲ.

ಹಂತ 1: ಕಾಲ ನೋಡಿ

ಕೊಯ್ಲಿನ ನಡುವೆ ಇದಕ್ಕೆ ಕೈ ಹಾಕಬೇಡಿ. ನವೆಂಬರಿನಲ್ಲಿ ಅರೇಬಿಕಾ ಶುರುವಾದರೆ ರೊಬಸ್ಟಾ ಮುಗಿಯುವವರೆಗೆ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹೋಂಸ್ಟೇಯವರಿಗೆ ದಸರಾ, ಕ್ರಿಸ್‌ಮಸ್ ರಜೆಯೂ ಹಾಗೆಯೇ. ನಾನು ಆರಿಸಿಕೊಂಡದ್ದು ಕಕ್ಕಡ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತಿಂಗಳು. ಹೊರಗೆ ಧೋ ಎಂದು ಮಳೆ, ಕೋಣೆಗಳು ಖಾಲಿ, ಜನ ಒಲೆಯ ಹತ್ತಿರ ಕೂರುವ ಕಾಲ. ಮೊದಲ ಅಳತೆ ಆಗ. ಎರಡನೆಯದು ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಏಪ್ರಿಲ್ ಹೊತ್ತಿಗೆ. ನಡುವಿನ ತಿಂಗಳುಗಳು ಪ್ರಯೋಗಕ್ಕೆ.

ಹಂತ 2: ಗೋಣಿಚೀಲದ ಪರೀಕ್ಷೆ

"ಕಾಫಿ ತುಂಬುವ ಗೋಣಿಚೀಲವನ್ನು ಇನ್ನು ಯಾವ ಯಾವುದಕ್ಕೆ ಬಳಸಬಹುದು?" ಪ್ರಶ್ನೆ ಇಷ್ಟೇ. ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಿ. ಸಮಯ ಮೂರು ನಿಮಿಷ. ಬರೆಸಬೇಡಿ, ಹೇಳಿಸಿ. ಬರೆಯಲು ತಡವರಿಸುವವರ ತಲೆ ತಡವರಿಸುವುದಿಲ್ಲ. ಫೋನಿನಲ್ಲಿ ಧ್ವನಿ ಹಿಡಿದುಕೊಳ್ಳುವುದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ.

ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ. ನಮ್ಮ ಒಂದು ತೋಟದಲ್ಲೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ, ತಮಿಳು ಎಲ್ಲ ಕಿವಿಗೆ ಬೀಳುತ್ತವೆ. ಈಗೀಗ ಅಸ್ಸಾಮಿನಿಂದ ಬಂದವರ ಮಾತೂ ಸೇರಿದೆ. ಕನ್ನಡದಲ್ಲೇ ಹೇಳಬೇಕೆಂದರೆ ನೀವು ಅಳೆಯುವುದು ಅವರ ಕನ್ನಡವನ್ನು. ಪದಗಳ ನಡುವೆ ಸಂಬಂಧ ಹುಡುಕಿಸುವ ಪರೀಕ್ಷೆಗಳೂ ಇವೆ. 1962ರಲ್ಲಿ ಸಾರ್ನಾಫ್ ಮೆಡ್ನಿಕ್ ಪ್ರಕಟಿಸಿದ್ದು ಪ್ರಸಿದ್ಧ. ಆದರೆ ಅದು ಪೂರ್ತಿ ಒಂದು ಭಾಷೆಯ ನುಡಿಗಟ್ಟಿನ ಮೇಲೆ ನಿಂತದ್ದರಿಂದ ನಮ್ಮಂಥ ಹಲವು ಭಾಷೆಯ ಜಾಗಕ್ಕೆ ಹೊಂದುವುದಿಲ್ಲ.

ಅಂಕ ಹಾಕುವ ಬಗೆಯನ್ನು ಎರಡು ಉತ್ತರ ಇಟ್ಟುಕೊಂಡು ತೋರಿಸುತ್ತೇನೆ.

ಒಬ್ಬರು ಹೇಳಿದರು ಎನ್ನಿ: ಕಾಲೊರೆಸಲು, ನಾಯಿಗೆ ಹಾಸಲು, ಮಳೆಗೆ ತಲೆಗೆ ಕೊಪ್ಪೆ, ಕರಿಮೆಣಸು ತುಂಬಲು, ಏಲಕ್ಕಿ ತುಂಬಲು, ಕಿತ್ತಳೆ ತುಂಬಲು, ಜೀಪಿನ ಚಕ್ರ ಕೆಸರಿನಲ್ಲಿ ಹೂತಾಗ ಅಡಿಗೆ ಹಾಕಲು. ಏಳು ಉತ್ತರ, ಸರಾಗತೆ 7. ಮೆಣಸು, ಏಲಕ್ಕಿ, ಕಿತ್ತಳೆ ಮೂರೂ ತುಂಬುವ ಜಾತಿ, ಒಂದೇ ಎಂದು ಲೆಕ್ಕ. ಕಾಲೊರೆಸುವುದು, ನಾಯಿಗೆ ಹಾಸುವುದು ಎರಡೂ ಹಾಸುವ ಜಾತಿ. ಕೊಪ್ಪೆ ಬೇರೆ, ಜೀಪಿನದು ಬೇರೆ. ಹಾಗಾಗಿ ವೈವಿಧ್ಯ 4.

ಇನ್ನೊಬ್ಬರದು ನಾಲ್ಕೇ ಉತ್ತರ: ಚೀಲ ಒದ್ದೆ ಮಾಡಿ ಬೆಂಕಿ ಆರಿಸಲು, ನೂಲು ಬಿಚ್ಚಿ ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಲು, ನೀರಿನ ಕ್ಯಾನಿಗೆ ಒದ್ದೆ ಚೀಲ ಸುತ್ತಿ ತಂಪಾಗಿಡಲು, ಮಣ್ಣು ತುಂಬಿ ಬರೆ (ಕಡಿದಾದ ಮಣ್ಣಿನ ದಿಬ್ಬ) ಜಾರದ ಹಾಗೆ ಅಡ್ಡ ಇಡಲು. ಸರಾಗತೆ 4, ವೈವಿಧ್ಯವೂ 4. ಕೊನೆಯದರಲ್ಲಿ ತುಂಬುವ ಕೆಲಸ ಇದ್ದರೂ ಉದ್ದೇಶ ಬರೆ ಕಾಯುವುದು. ಜಾತಿ ವಿಂಗಡಿಸುವಾಗ ಉದ್ದೇಶ ನೋಡಿ, ಕೈ ಮಾಡುವ ಕ್ರಿಯೆಯನ್ನಲ್ಲ.

ಅಪೂರ್ವತೆಗೆ ಎಲ್ಲರ ಉತ್ತರ ಒಟ್ಟಿಗೆ ಹರಡಿಕೊಳ್ಳಿ. ಹತ್ತು ಹನ್ನೆರಡು ಜನರಲ್ಲಿ ಒಬ್ಬರಿಗೆ ಮಾತ್ರ ಹೊಳೆದ ಉತ್ತರಕ್ಕೆ 2, ಇಬ್ಬರಿಗೆ ಹೊಳೆದದ್ದಕ್ಕೆ 1, ಉಳಿದದ್ದಕ್ಕೆ ಸೊನ್ನೆ. ಹೆಚ್ಚು ಉತ್ತರ ಕೊಟ್ಟವರಿಗೆ ಇಲ್ಲಿ ಸಹಜವಾಗಿ ಹೆಚ್ಚು ಅಂಕ ಬೀಳುತ್ತದೆ, ಅದಕ್ಕೆ ಒಟ್ಟು ಅಪೂರ್ವತೆಯನ್ನು ಉತ್ತರದ ಸಂಖ್ಯೆಯಿಂದ ಭಾಗಿಸಿ ನೋಡುವುದು ಒಳ್ಳೆಯದು. ವಿವರಕ್ಕೆ ಉತ್ತರವೊಂದಕ್ಕೆ 0, 1 ಅಥವಾ 2. "ತಂಪಾಗಿಡಲು" ಎಂದಷ್ಟೇ ಹೇಳಿದರೆ 0. ಒದ್ದೆ ಮಾಡಿ, ಕ್ಯಾನಿಗೆ ಸುತ್ತಿ, ನೆರಳಿನಲ್ಲಿ ಗಾಳಿಗೆ ಇಟ್ಟರೆ ಎಂದು ಬಿಡಿಸಿದರೆ 2.

ಈ ಅಂಕಗಳಿಂದ ಯಾರನ್ನೂ ಜಾಣ, ದಡ್ಡ ಎನ್ನಬೇಡಿ. ಮೂರು ನಿಮಿಷದ ಆಟ ಒಬ್ಬರ ಬದುಕನ್ನು ಅಳೆಯುವುದಿಲ್ಲ. ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂದು ನಿದ್ದೆ ಇಲ್ಲದವರು ಎರಡೇ ಉತ್ತರ ಕೊಡಬಹುದು. ನಾನು ಇದನ್ನು ಬಳಸುವುದು ಜೋಡಿ ಮಾಡಲು. ಏಳು ಉತ್ತರ ಹರಿಯಬಿಡುವವರನ್ನೂ ನಾಲ್ಕು ಬೇರೆ ದಿಕ್ಕಿಗೆ ಹೋಗುವವರನ್ನೂ ಒಟ್ಟಿಗೆ ಕೂರಿಸಿದರೆ ಇಬ್ಬರಿಗೂ ಲಾಭ.

ಹಂತ 3: ಕಾಫಿ ಬೀಜ, ಕರಿಮೆಣಸು

ತಲೆಯೊಳಗೆ ಇರುವುದು ಬಾಯಿಗೆ ಬರಲು ಧೈರ್ಯ ಬೇಕು. ತಪ್ಪು ಒಪ್ಪಿಕೊಂಡರೆ, ಪ್ರಶ್ನೆ ಕೇಳಿದರೆ, ಬೇರೆ ಮಾತು ಆಡಿದರೆ ಅವಮಾನ ಆಗುವುದಿಲ್ಲ ಎಂದು ಒಂದು ತಂಡ ನಂಬಿರುವುದನ್ನು ಆಮಿ ಎಡ್ಮಂಡ್ಸನ್ 1999ರ ತಮ್ಮ ಅಧ್ಯಯನದಲ್ಲಿ ಅಳೆದು ತೋರಿಸಿದರು. ಅಂಥ ನಂಬಿಕೆ ಇದ್ದ ತಂಡಗಳು ಹೆಚ್ಚು ಕಲಿಯುತ್ತಿದ್ದವು. ಇದಕ್ಕೆ ಪ್ರಶ್ನಾವಳಿ ತುಂಬಿಸುವುದು ರೂಢಿ. ನಮ್ಮಲ್ಲಿ ಕಾಗದ ಕಂಡರೆ ಜನ ಗಾಬರಿಯಾಗುತ್ತಾರೆ, ಕೈಬರಹ ಗುರುತು ಸಿಗುತ್ತದೆ ಎಂಬ ಹೆದರಿಕೆಯೂ ಇದೆ.

ಅದಕ್ಕೆ ನಾನು ಎರಡು ಬಟ್ಟೆ ಚೀಲ ಹೊಲಿಸಿದೆ, ಕೈ ತೂರುವಷ್ಟೇ ಬಾಯಿ. ಪ್ರತಿ ಪ್ರಶ್ನೆಗೂ ಪ್ರತಿಯೊಬ್ಬರ ಕೈಗೆ ಒಂದು ಕಾಫಿ ಬೀಜ, ಒಂದು ಕರಿಮೆಣಸು. ಹೌದು ಎಂದರೆ ಬೀಜ, ಇಲ್ಲ ಎಂದರೆ ಮೆಣಸು. ಹೇಳಬೇಕಾದ್ದನ್ನು ಮೊದಲ ಚೀಲಕ್ಕೆ, ಕೈಯಲ್ಲಿ ಉಳಿದದ್ದನ್ನು ಎರಡನೆಯ ಚೀಲಕ್ಕೆ ಹಾಕುತ್ತಾರೆ. ಯಾರು ಏನು ಹಾಕಿದರೆಂದು ಪಕ್ಕದವರಿಗೂ ಗೊತ್ತಾಗದು. ಎಲ್ಲರದೂ ಆದ ಮೇಲೆ ಮೊದಲ ಚೀಲ ಎಣಿಸಿ, ಬರೆದುಕೊಂಡು, ಮುಂದಿನ ಪ್ರಶ್ನೆ. ಚೀಲ ಹಿಡಿಯುವವರು ಯಜಮಾನರಾಗಲಿ, ತೋಟದ ಲೆಕ್ಕ ಬರೆಯುವ ರೈಟರಾಗಲಿ ಆಗಬಾರದು.

ನಾನು ಕೇಳುವುದು ಐದು. ಇಲ್ಲಿ ತಪ್ಪಾದರೆ ಬೈಗುಳಕ್ಕೆ ಹೆದರದೆ ಹೇಳಬಹುದಾ? ಹೊಸ ಉಪಾಯ ಹೇಳಿದರೆ ಯಾರಾದರೂ ಕಿವಿಗೊಡುತ್ತಾರಾ? ನಿಮ್ಮ ಕೆಲಸದಲ್ಲಿ ಸಣ್ಣ ಬದಲಾವಣೆಯನ್ನು ನೀವೇ ಮಾಡಿಕೊಳ್ಳಬಹುದಾ? ಕಳೆದ ತಿಂಗಳು ಹೇಳಬೇಕು ಅನ್ನಿಸಿಯೂ ಹೇಳದೆ ಬಿಟ್ಟದ್ದು ಇದೆಯಾ? ನೀವು ಹೇಳಿದ್ದನ್ನು ಇನ್ನೊಬ್ಬರು ತಮ್ಮದೆಂದು ಹೇಳಿಕೊಂಡದ್ದು ಉಂಟಾ?

ಕೊನೆಯ ಎರಡಕ್ಕೆ ಬೀಜ ಹೆಚ್ಚು ಬಿದ್ದರೆ ಅದು ಕೆಟ್ಟ ಸುದ್ದಿ ಎಂದು ನೆನಪಿಡಿ. ಮೊದಲ ಸಲ ನಾಲ್ಕನೆಯ ಪ್ರಶ್ನೆಗೆ ಚೀಲ ಬಿಚ್ಚಿದಾಗ ಮೆಣಸನ್ನು ಹುಡುಕಬೇಕಾಯಿತು. ಅಷ್ಟೊಂದು ಬೀಜ. ಯಾರದು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಒಂದೇ ಒಂದು ಸಲ ಆ ಪ್ರಶ್ನೆ ಬಾಯಿಂದ ಬಂದರೂ ಚೀಲದ ಕೆಲಸ ಮುಗಿಯಿತು.

ಹಂತ 4: ಸಲಹೆ ಪುಸ್ತಕ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ಇನ್ನೂರು ಪುಟದ ಒಂದು ನೋಟ್‌ಬುಕ್, ಐದು ಕಾಲಂ: ತಾರೀಖು, ಹೇಳಿದವರು, ಹೇಳಿದ್ದು, ಉತ್ತರ ಕೊಟ್ಟ ತಾರೀಖು, ಏನಾಯಿತು. ಅಡುಗೆಮನೆಯಲ್ಲಿ ಹೇಳಿದ್ದು, ಜೀಪಿನಲ್ಲಿ ಬರುವಾಗ ಹೇಳಿದ್ದು, ಸಂತೆಯ ದಿನ ಬಟವಾಡೆಯ ಹೊತ್ತಿನಲ್ಲಿ ಹೇಳಿದ್ದು, ಎಲ್ಲವೂ ಅದೇ ದಿನ ಪುಸ್ತಕಕ್ಕೆ ಬರಬೇಕು. ಬರೆಯುವುದು ನಿಮ್ಮ ಕೆಲಸ, ಅವರದಲ್ಲ. ಗೋಡೆಗೆ ಸಲಹೆ ಪೆಟ್ಟಿಗೆ ಹೊಡೆದು ಬೀಗ ಹಾಕಿದರೆ ಅದರಲ್ಲಿ ಜೇಡ ಮನೆ ಮಾಡುತ್ತದೆ, ಅಷ್ಟೇ.

ಏಳು ದಿನದೊಳಗೆ ಉತ್ತರ ಕೊಡಿ. ಮಾಡುವ, ಆಗುವುದಿಲ್ಲ, ಇಂಥ ಕಾರಣಕ್ಕೆ ಇಂಥ ತಿಂಗಳವರೆಗೆ ಕಾಯುವ, ಈ ಮೂರರಲ್ಲಿ ಒಂದು. "ನೋಡುವ" ಎಂಬುದನ್ನು ಉತ್ತರವೆಂದು ಬರೆಯಲು ಪುಸ್ತಕದಲ್ಲಿ ಜಾಗವಿಲ್ಲ.

ತಿಂಗಳ ಕೊನೆಗೆ ನಾಲ್ಕು ಲೆಕ್ಕ ತೆಗೆಯಿರಿ. ಎಷ್ಟು ಜನ ಬಾಯಿ ಬಿಟ್ಟರು? ಹದಿನಾರು ಜನರಲ್ಲಿ ಐವರು ಎಂದರೆ ಶೇಕಡಾ 31. ಸಲಹೆಯ ಸಂಖ್ಯೆಗಿಂತ ಇದು ಮುಖ್ಯ. ಒಬ್ಬರೇ ಇಪ್ಪತ್ತು ಸಲಹೆ ಕೊಟ್ಟರೆ ಉಳಿದ ಹದಿನೈದು ಜನ ಸುಮ್ಮನಿದ್ದಾರೆ ಎಂದೇ ಅರ್ಥ. ಉತ್ತರಕ್ಕೆ ಎಷ್ಟು ದಿನ ಹಿಡಿಯಿತು? ಎಷ್ಟನ್ನು ಮಾಡಿ ನೋಡಿದಿರಿ? ಮಾಡಿದ್ದರಲ್ಲಿ ಮೂರು ತಿಂಗಳ ಮೇಲೂ ಉಳಿದದ್ದು ಎಷ್ಟು?

ಎರಡನೆಯ ಲೆಕ್ಕ ಯಜಮಾನರ ಅಂಕ. ಆ ದಿನಗಳು ಕಡಿಮೆಯಾಗುತ್ತಾ ಬಂದ ಹಾಗೆ ಮೊದಲ ಲೆಕ್ಕ ತಾನಾಗಿ ಏರುವುದನ್ನು ನಮ್ಮಲ್ಲಿ ಕಂಡಿದ್ದೇನೆ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಕಾರ್ಮಿಕರ ಸಲಹೆ ಪದ್ಧತಿ ಶುರುವಾದದ್ದು 1951ರಲ್ಲಿ, ಅದು ದಶಕಗಳ ಕಾಲ ನಡೆದುಕೊಂಡು ಬಂದಿದೆ. ಕೇಳಿದ್ದಕ್ಕೆ ಉತ್ತರ ಸಿಗುತ್ತದೆ ಎಂಬ ಭರವಸೆ ಇಲ್ಲದೆ ಯಾವ ಸಲಹೆ ಪದ್ಧತಿಯೂ ಅಷ್ಟು ಕಾಲ ಬಾಳುವುದಿಲ್ಲ.

ಹಂತ 5: ಮಾಡಿದ ಕೆಲಸಕ್ಕೆ ಮೂವರ ತೀರ್ಪು

ಹೊಸ ಪ್ಯಾಕೆಟ್ಟಿನ ವಿನ್ಯಾಸ, ಮಳೆಗಾಲದ ಸಂಜೆ ತಿಂಡಿ, ಕೋಣೆಯ ಅಲಂಕಾರ ಇಂಥವನ್ನು ಎಣಿಸಿ ಅಳೆಯಲಾಗುವುದಿಲ್ಲ. 1982ರಲ್ಲಿ ತೆರೇಸಾ ಅಮಾಬಿಲೆ ಇದಕ್ಕೆ ಒಂದು ಸರಳ ದಾರಿ ತೋರಿಸಿದರು: ಆ ಕೆಲಸ ಬಲ್ಲ ಕೆಲವರು, ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ, ತಮ್ಮ ತಮ್ಮ ಅಭಿಪ್ರಾಯದ ಪ್ರಕಾರ ಅಂಕ ಕೊಡಲಿ. ಅವರ ಅಂಕಗಳು ಹೊಂದಿಕೆಯಾದರೆ ಅದನ್ನು ನಂಬಬಹುದು.

ನಾಲ್ವರು ನಾಲ್ಕು ಸಂಜೆ ತಿಂಡಿ ಮಾಡಿದ್ದಾರೆ ಎನ್ನಿ. ಬಹಳ ವರ್ಷದ ಅನುಭವದ ಅಡುಗೆಯವರು ಒಬ್ಬರು, ಪಕ್ಕದ ಹೋಂಸ್ಟೇ ನಡೆಸುವವರು ಒಬ್ಬರು, ಮತ್ತೆ ಮತ್ತೆ ಬರುವ ಅತಿಥಿ ಒಬ್ಬರು ತೀರ್ಪುಗಾರರು. ಯಾರು ಮಾಡಿದ್ದೆಂದು ತಿಳಿಸದೆ, ಒಬ್ಬೊಬ್ಬರಿಗೆ ಬೇರೆ ಬೇರೆ ಕ್ರಮದಲ್ಲಿ ತಟ್ಟೆ ಕೊಡಿ. ಹೊಸತನಕ್ಕೆ ಐದರಲ್ಲಿ ಎಷ್ಟು, ನಾಳೆಯಿಂದ ಬಡಿಸಬಹುದೇ ಎಂಬುದಕ್ಕೆ ಐದರಲ್ಲಿ ಎಷ್ಟು, ಎರಡನ್ನೂ ಬೇರೆ ಬೇರೆ ಬರೆಯಲಿ. ನಾಲ್ಕನ್ನು ಒಂದಕ್ಕೊಂದು ಹೋಲಿಸಿ ಅಂಕ ಕೊಡಲಿ, ತಮ್ಮ ಜೀವಮಾನದಲ್ಲಿ ತಿಂದ ಅತ್ಯುತ್ತಮ ತಿಂಡಿಗೆ ಹೋಲಿಸಿ ಅಲ್ಲ. ಒಬ್ಬರು 5, ಇನ್ನೊಬ್ಬರು 1 ಕೊಟ್ಟರೆ ತಿಂಡಿ ಮಾಡಿದವರನ್ನು ಕೇಳುವ ಮೊದಲು ನಿಮ್ಮ ಪ್ರಶ್ನೆ ಸ್ಪಷ್ಟವಾಗಿತ್ತೇ ಎಂದು ನೋಡಿಕೊಳ್ಳಿ.

ಅಳತೆ ಇಲ್ಲಿಗೆ ಮುಗಿಯಿತು. ಇನ್ನು ಬೆಳೆಸುವ ಮಾತು.

ಹಂತ 6: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಹೊಸ ಐಡಿಯಾ ಕೊಡಿ" ಎಂದರೆ ಎಲ್ಲರೂ ನೆಲ ನೋಡುತ್ತಾರೆ. ಅದು ಪ್ರಶ್ನೆಯೇ ಅಲ್ಲ. "ಜುಲೈಯಲ್ಲಿ ಅತಿಥಿಗಳ ಒದ್ದೆ ಬಟ್ಟೆಯನ್ನು ಕರೆಂಟ್ ಇಲ್ಲದೆ ರಾತ್ರಿಯೊಳಗೆ ಒಣಗಿಸುವುದು ಹೇಗೆ?" ಎಂದು ಕೇಳಿ, ಐದು ನಿಮಿಷದಲ್ಲಿ ಬಚ್ಚಲೊಲೆಯಿಂದ ಹಿಡಿದು ಕಾಫಿ ಹುರಿಯುವ ಕೋಣೆಯ ಬಿಸಿಯವರೆಗೆ ಮಾತು ಓಡುತ್ತದೆ. ಯಾರಿಗೆ, ಯಾವಾಗ, ಏನಿಲ್ಲದೆ ಎಂಬ ಮೂರು ಮಾತು ಪ್ರಶ್ನೆಯಲ್ಲಿ ಇರಲಿ. ಅಡ್ಡಿ ಇದ್ದಾಗಲೇ ತಲೆ ಓಡುವುದು.

ಹಂತ 7: ಮೊದಲು ಒಬ್ಬೊಬ್ಬರೇ, ಆಮೇಲೆ ಒಟ್ಟಿಗೆ

ಎಲ್ಲರನ್ನೂ ಸುತ್ತ ಕೂರಿಸಿ ಒಟ್ಟಿಗೆ ಯೋಚಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಾಹೀರಾತು ಲೋಕದ ಅಲೆಕ್ಸ್ ಆಸ್ಬರ್ನ್. ಹೀಗಳೆಯಬೇಡಿ, ಸಂಖ್ಯೆ ಹೆಚ್ಚಲಿ, ಇನ್ನೊಬ್ಬರ ಮಾತಿಗೆ ಮಾತು ಸೇರಿಸಿ ಎಂಬ ಅವರ ನಿಯಮಗಳು ಈಗಲೂ ಒಳ್ಳೆಯವೇ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ ನೋಡಿದಾಗ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆ ಬೇರೆ ಕೂತ ನಾಲ್ವರ ಉತ್ತರ ಸೇರಿಸಿದರೆ ಹೆಚ್ಚಿತ್ತು. 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬ ದೊಡ್ಡದೊಂದು ಕಾರಣ ಕಂಡುಹಿಡಿದರು: ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಜಾರುತ್ತದೆ.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ರೈಟರು ಬಾಯಿ ಬಿಟ್ಟ ಮೇಲೆ ಮೇಸ್ತ್ರಿ ತಲೆಯಾಡಿಸುತ್ತಾರೆ, ಮೇಸ್ತ್ರಿ ತಲೆಯಾಡಿಸಿದ ಮೇಲೆ ಎಲ್ಲರದೂ ಒಂದೇ ಅಭಿಪ್ರಾಯ. ಅದಕ್ಕೆ ಹಿರಿಯರು ಕೊನೆಗೆ ಮಾತಾಡಬೇಕು ಎಂಬ ನಿಯಮ ಇಟ್ಟುಕೊಂಡಿದ್ದೇವೆ. ಮೊದಲಿಗೆ ಅವರಿಗೆ ಕಷ್ಟವಾಯಿತು, ನನಗೂ.

ಬರೆಯಬಲ್ಲವರಿಗೆ ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ರೂಪಿಸಿದ ಪದ್ಧತಿ ತುಂಬ ಅನುಕೂಲ. ಆರು ಜನ, ತಲಾ ಮೂರು ಉಪಾಯ, ಐದು ನಿಮಿಷ. ಆಮೇಲೆ ಹಾಳೆ ಬಲಗಡೆಯವರಿಗೆ. ಅವರು ಅದನ್ನು ಓದಿ ಅದಕ್ಕೆ ಮತ್ತೆ ಮೂರು ಸೇರಿಸುತ್ತಾರೆ. ಆರು ಸುತ್ತು ಮುಗಿದರೆ ಅರ್ಧ ಗಂಟೆಯಲ್ಲಿ 108. ನಾಲ್ಕೇ ಜನ ಇದ್ದರೆ ನಾಲ್ಕು ಸುತ್ತಿಗೆ 48, ಅದೂ ಬೇಕಾದಷ್ಟಾಯಿತು. ಬರೆಯಲು ಬಾರದವರ ಪಕ್ಕ ಬರೆಯುವವರೊಬ್ಬರನ್ನು ಕೂರಿಸಿ. ಆಡಿದ ಮಾತನ್ನು ಅಂದವಾಗಿ ತಿದ್ದದೆ ಹಾಗೆಯೇ ಬರೆಯಲಿ.

ಹಂತ 8: ಜಿಗಣೆಯ ಪಾಠ

ಉಪಾಯ ಬತ್ತಿದಾಗ ತಳ್ಳಲು ಏಳು ಕ್ರಿಯಾಪದಗಳಿವೆ. ಆಸ್ಬರ್ನ್ ಅವರ ಪ್ರಶ್ನೆಗಳನ್ನು ಆಧರಿಸಿ ಬಾಬ್ ಎಬರ್ಲೆ ಜೋಡಿಸಿದ್ದು: ಬದಲಿಸು, ಕೂಡಿಸು, ಹೊಂದಿಸು, ಮಾರ್ಪಡಿಸು, ಬೇರೆಯದಕ್ಕೆ ಬಳಸು, ಕೈಬಿಡು, ತಿರುಗಿಸು. ಹೀಗೆ ಓದಿದರೆ ಒಣ ಪಟ್ಟಿ. ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ.

ಮಳೆಗಾಲದಲ್ಲಿ ಬಂದ ಅತಿಥಿಗಳು ಜಿಗಣೆಗೆ ಹೆದರಿ ತೋಟಕ್ಕೆ ಇಳಿಯುವುದೇ ಇಲ್ಲ. ಅವರ ಮೂರು ಗಂಟೆಯನ್ನು ಏನು ಮಾಡುವುದು? ಎಲ್ಲರೂ ಮೊದಲು ಹೇಳಿದ್ದು ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು. ಅಲ್ಲಿಗೆ ಮಾತು ನಿಂತಿತು. ಆಗ ಒಂದೊಂದೇ ಕ್ರಿಯಾಪದ ಹಾಕಿದೆ. ಬದಲಿಸು ಎಂದಾಗ, ಅತಿಥಿಗಳನ್ನು ತೋಟಕ್ಕೆ ಕರೆದೊಯ್ಯುವ ಬದಲು ಕಾಯಿ ತುಂಬಿದ ಕೊಂಬೆಯನ್ನೇ ಜಗುಲಿಗೆ ತರುವ ಮಾತು ಬಂತು. ಕೂಡಿಸು ಎಂದಾಗ, ಕಾಫಿ ಹುರಿಯುವುದು ನೋಡುತ್ತಾ ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟಿಸುವುದು. ಮಾರ್ಪಡಿಸು ಎಂದಾಗ, ಎರಡು ಕಿಲೋಮೀಟರಿನ ನಡಿಗೆಯನ್ನು ಕಲ್ಲು ಹಾಸಿದ ಇನ್ನೂರು ಮೀಟರಿಗೆ ಇಳಿಸುವುದು. ಬೇರೆಯದಕ್ಕೆ ಬಳಸು ಎಂದಾಗ, ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಗೋದಾಮಿನಲ್ಲಿ ಅರೇಬಿಕಾ, ರೊಬಸ್ಟಾ ರುಚಿ ನೋಡಿ ಗುರುತಿಸುವ ಆಟ.

ಕೊನೆಗೆ ತಿರುಗಿಸು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೋಣೆ ಗುಡಿಸುವ ಹುಡುಗಿ, ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಗಿಲ ಹತ್ತಿರದಿಂದ ಹೇಳಿದಳು: "ಜಿಗಣೆಯನ್ನೇ ತೋರಿಸುವ ಅಲ್ವಾ ಅಕ್ಕ? ಗಾಜಿನ ಲೋಟದಲ್ಲಿ ಹಾಕಿ." ಆ ಭಾನುವಾರ ಜಗುಲಿಯ ಮೇಜಿನ ಮೇಲೆ ಒಂದು ಲೋಟ, ಒಳಗೆ ಒಂದು ಜಿಗಣೆ, ಬಾಯಿಗೆ ತೆಳ್ಳಗಿನ ಬಟ್ಟೆ. ಅದು ಗಾಜಿಗೆ ಮುಂದಿನ ತುದಿ ಅಂಟಿಸಿ, ಬೆನ್ನು ಕಮಾನು ಮಾಡಿ, ಹಿಂದಿನ ತುದಿಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿತ್ತು. ಹೊರಗಿನಿಂದ ಒಂದು ಮಗು ಬೆರಳಿಟ್ಟ ಕಡೆಗೇ ತಲೆ ಚಾಚಿತು. ಅರ್ಧ ಗಂಟೆ ಆ ಮಕ್ಕಳು ಅಲ್ಲಿಂದ ಏಳಲಿಲ್ಲ. ಸಂಜೆ ಅದನ್ನು ಮತ್ತೆ ತೋಟಕ್ಕೇ ಬಿಟ್ಟೆವು.

ಹಂತ 9: ನಡೆಯಿರಿ, ಬಿಟ್ಟುಬಿಡಿ

2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಕುಳಿತವರಿಗಿಂತ ನಡೆಯುತ್ತಿರುವವರಲ್ಲಿ ಸೃಜನಶೀಲ ಉತ್ತರಗಳು ಸರಾಸರಿ ಶೇಕಡಾ 60ರಷ್ಟು ಹೆಚ್ಚಿದ್ದನ್ನು ಪ್ರಕಟಿಸಿದರು. ಒಂದೇ ಸರಿ ಉತ್ತರದ ಲೆಕ್ಕಗಳಿಗೆ ನಡಿಗೆಯಿಂದ ಆ ಲಾಭ ಸಿಗಲಿಲ್ಲ. ಹಾಗಾಗಿ ಉಪಾಯ ಹುಡುಕುವ ಸಭೆಯನ್ನು ತೋಟದ ದಾರಿಯಲ್ಲಿ ನಡೆದುಕೊಂಡೇ ಮಾಡಿ, ಬಿಲ್ಲು ನೋಡುವುದನ್ನು ಕುಳಿತು ಮಾಡಿ. ಆನೆ ಇಳಿದ ಸುದ್ದಿ ಇದ್ದ ದಿನ ಮಾತ್ರ ಅಂಗಳದಲ್ಲೇ ನಾಲ್ಕು ಸುತ್ತು ಹಾಕಿದರೆ ಸಾಕು.

ಉತ್ತರವನ್ನು ಅದೇ ದಿನ ಕೇಳಬೇಡಿ. ಗ್ರಹಾಂ ವಾಲಸ್ 1926ರಲ್ಲೇ ವಿವರಿಸಿದಂತೆ ತಯಾರಿ ಆದ ಮೇಲೆ ವಿಷಯ ಒಳಗೊಳಗೇ ಕಾವು ಕೂರುವ ಒಂದು ಕಾಲ ಇದೆ, ಹೊಳೆಯುವುದು ಅದರ ನಂತರ. ಸೋಮವಾರ ಪ್ರಶ್ನೆ ಹೇಳಿ, ಗುರುವಾರ ಕೇಳಿ.

ಹಂತ 10: ಒಂದು ಕೋಣೆ, ಒಂದು ಸಾಲು, ಒಂದು ವಾರ

ಇಡೀ ತೋಟಕ್ಕೆ ಬೇಡ, ಒಂದು ಸಾಲಿಗೆ ಮಾಡಿ ನೋಡಿ. ಎಲ್ಲ ಕೋಣೆಗೂ ಬೇಡ, ಒಂದಕ್ಕೆ. ಐನೂರು ರೂಪಾಯಿಯೊಳಗಿನ ಪ್ರಯೋಗಕ್ಕೆ ನನ್ನ ಅನುಮತಿ ಬೇಡ, ಪುಸ್ತಕದಲ್ಲಿ ಬರೆದರಾಯಿತು ಎಂಬ ಪದ್ಧತಿ ಇಟ್ಟಿದ್ದೇನೆ. ಯಾವುದು ಆದರೆ ಗೆದ್ದಂತೆ, ಯಾವುದು ಆದರೆ ಬಿಡಬೇಕು ಎಂದು ಮೊದಲೇ ಬರೆಯಿರಿ.

ಪ್ರಯೋಗವೇ ಬೇಡ ಎನ್ನುವ ಜಾಗಗಳೂ ಇವೆ, ಅವನ್ನು ಬಾಗಿಲಿಗೆ ಅಂಟಿಸಿ: ಔಷಧಿ ಸಿಂಪಡಣೆಯ ಪ್ರಮಾಣ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬೆಲ್ಟಿನ ಕವಚ, ವಿದ್ಯುತ್ ತಂತಿ, ಗ್ಯಾಸ್. ಇವಕ್ಕೆ ಬರೆ ಕಡಿಯುವುದನ್ನೂ ಸೇರಿಸಿ. ಜಾಗ ಅಗಲ ಮಾಡಲು ಮನೆಯ ಹಿಂದಿನ ಬರೆಯನ್ನು ಸ್ವಲ್ಪ ಕಡಿಯುವ ಎಂಬ ಉಪಾಯ ಪ್ರತಿ ವರ್ಷ ಯಾರಾದರೂ ತರುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ಕಂಡ ನಾಡಿನವರು ನಾವು. ತಿಳಿದವರಿಗೆ ತೋರಿಸದೆ ಮಣ್ಣಿಗೆ ಕೈ ಹಾಕಬಾರದು.

ಹಂತ 11: ದುಡ್ಡಿನ ಮಾತು

ಉಪಾಯಕ್ಕೆ ಇಷ್ಟು ರೂಪಾಯಿ ಎಂದು ಮೊದಲೇ ಘೋಷಿಸಬಹುದೇ ಎಂದು ತುಂಬ ಜನ ಕೇಳುತ್ತಾರೆ. 1962ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಮಾಡಿದ ಪ್ರಯೋಗ ಇಲ್ಲಿ ನೆನಪಿಡುವಂಥದ್ದು. ಮೇಣದಬತ್ತಿ, ಮೊಳೆಗಳಿರುವ ಪೆಟ್ಟಿಗೆ, ಬೆಂಕಿಕಡ್ಡಿ ಕೊಟ್ಟು ಬತ್ತಿಯನ್ನು ಗೋಡೆಗೆ ನಿಲ್ಲಿಸಲು ಹೇಳುವ ಹಳೆಯ ಸಮಸ್ಯೆ ಅದು. ಪೆಟ್ಟಿಗೆಯನ್ನು ಖಾಲಿ ಮಾಡಿ ಗೋಡೆಗೆ ಹೊಡೆದರೆ ಅದೇ ಬತ್ತಿಯ ಪೀಠ. ಬಹುಮಾನದ ಆಸೆ ತೋರಿಸಿದವರಿಗೆ ಇದು ತಡವಾಗಿ ಹೊಳೆಯಿತು. ಪೆಟ್ಟಿಗೆಯನ್ನು ಮೊದಲೇ ಖಾಲಿ ಮಾಡಿ ಕೊಟ್ಟಾಗ, ದಾರಿ ಕಣ್ಣೆದುರೇ ಇದ್ದುದರಿಂದ, ಬಹುಮಾನದವರೇ ಬೇಗ ಮುಗಿಸಿದರು.

ನಮ್ಮ ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ ಫಲ ಕೊಡುವುದು ಇದಕ್ಕೇ, ಅಲ್ಲಿ ದಾರಿ ಗೊತ್ತಿದೆ. ಉಪಾಯಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಹಾಗೆಂದು ಪುಕ್ಕಟೆ ಪಡೆಯಿರಿ ಎಂದು ಖಂಡಿತ ಹೇಳುತ್ತಿಲ್ಲ. ಮೊದಲು ಆಸೆ ತೋರಿಸಬೇಡಿ, ಉಪಾಯ ಫಲ ಕೊಟ್ಟ ಮೇಲೆ ಉಳಿತಾಯದಲ್ಲಿ ಪಾಲು ಕೊಡಿ. ಹೇಳಿದವರ ಹೆಸರನ್ನು ಎಲ್ಲರೆದುರು ಹೇಳಿ. ಟಾರ್ಪಾಲಿನ ಗಳಕ್ಕೆ ನಮ್ಮಲ್ಲಿ ಈಗ ಆ ಅಕ್ಕನ ಹೆಸರೇ ಇದೆ. ಮೋಡ ಕಂಡರೆ "ಅಕ್ಕನ ಗಳ ಬಿಚ್ಚಿ" ಎಂದು ಯಾರಾದರೂ ಕೂಗುತ್ತಾರೆ.

ಬೇಡವೆಂದ ಉಪಾಯಗಳನ್ನು ಹರಿದು ಬಿಸಾಡಬೇಡಿ. ತ್ರೀಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿಯಾಗಿ ಅಂಟದ ಒಂದು ಅಂಟನ್ನು ಕಂಡುಹಿಡಿದದ್ದು 1968ರಲ್ಲಿ. ಅದನ್ನು ಪುಸ್ತಕದ ಗುರುತುಚೀಟಿಗೆ ಹಚ್ಚಬಹುದೆಂದು ಸಹೋದ್ಯೋಗಿ ಆರ್ಟ್ ಫ್ರೈಗೆ ಹೊಳೆದದ್ದು 1974ರಲ್ಲಿ. ಪೋಸ್ಟ್‌ಇಟ್ ಚೀಟಿಯಾಗಿ ಅಮೆರಿಕದ ಎಲ್ಲೆಡೆ ಮಾರಾಟಕ್ಕೆ ಬಂದದ್ದು 1980ರಲ್ಲಿ. ಸಲಹೆ ಪುಸ್ತಕದ "ಆಗುವುದಿಲ್ಲ" ಎಂಬ ಸಾಲುಗಳನ್ನು ವರ್ಷಕ್ಕೊಮ್ಮೆ, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ಹಿಂದಿನ ವಾರ ಆಯುಧ ಒರೆಸುವ ಹೊತ್ತಿನಲ್ಲಿ, ಗಟ್ಟಿಯಾಗಿ ಓದಿಸುತ್ತೇನೆ.

ಹಂತ 12: ಮತ್ತೆ ಅಳೆಯುವಾಗ

ಏಪ್ರಿಲಿನಲ್ಲಿ ಎರಡನೆಯ ಸಲ ಅಳೆಯುವಾಗ ಗೋಣಿಚೀಲದ ಪ್ರಶ್ನೆ ಬೇಡ. ಉತ್ತರಗಳು ಅಷ್ಟರಲ್ಲಿ ಕೆಲಸಗಾರರ ಲೈನ್‌ಮನೆಗಳಲ್ಲೆಲ್ಲ ಓಡಾಡಿರುತ್ತವೆ, ನೀವು ಅಳೆಯುವುದು ನೆನಪನ್ನು. ಬಿದಿರಿನ ಬುಟ್ಟಿ ಕೇಳಿ, ಇಲ್ಲವೇ ಹಳೆಯ ಜೀಪಿನ ಟಯರು. ಸಮಯ ಅದೇ ಮೂರು ನಿಮಿಷ, ಕೇಳುವವರು ಅವರೇ, ಜಾಗವೂ ಅದೇ ಇರಲಿ. ಬುಟ್ಟಿಗೆ ಗೋಣಿಚೀಲಕ್ಕಿಂತ ಸಹಜವಾಗಿ ಕಡಿಮೆ ಬಳಕೆ ಹೊಳೆಯಬಹುದು, ಆದ್ದರಿಂದ ಮೊದಲ ಸಲವೇ ಅರ್ಧ ಜನಕ್ಕೆ ಚೀಲ, ಅರ್ಧ ಜನಕ್ಕೆ ಬುಟ್ಟಿ ಕೊಟ್ಟು ಎರಡನೆಯ ಸಲ ಅದಲುಬದಲು ಮಾಡಿದರೆ ಹೋಲಿಕೆ ನ್ಯಾಯವಾಗಿರುತ್ತದೆ. ಒಬ್ಬೊಬ್ಬರ ಅಂಕ ಒಂದೆರಡು ಏರಿತು, ಇಳಿಯಿತು ಎಂದು ತಲೆ ಕೆಡಿಸಿಕೊಳ್ಳಬೇಡಿ, ಇಡೀ ತಂಡದ ಸರಾಸರಿ ನೋಡಿ.

ಬೀಜ, ಮೆಣಸಿನ ಪ್ರಶ್ನೆಗಳು ಮಾತ್ರ ಒಂದಕ್ಷರ ಬದಲಾಗಬಾರದು. ಹೋದ ಏಪ್ರಿಲಿನಲ್ಲಿ ನಾಲ್ಕನೆಯ ಪ್ರಶ್ನೆಯ ಚೀಲವನ್ನು ಮೊರಕ್ಕೆ ಸುರಿದಾಗ ಅರ್ಧಕ್ಕೂ ಹೆಚ್ಚು ಮೆಣಸು ಬಿತ್ತು. ಉಳಿದ ಬೀಜಗಳನ್ನು ಎಣಿಸಿ, ಸಂಖ್ಯೆಯನ್ನು ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ, ಕಕ್ಕಡದಲ್ಲಿ ಮತ್ತೆ ಚೀಲ ಬಿಚ್ಚುವಾಗ ಪಕ್ಕದಲ್ಲಿಟ್ಟು ನೋಡಲು.